ಮೂವತ್ತೆರಡು ಬೈಟಿನ ಚಿಲ್ಲರೆ

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ ಬೇಕು. ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತೆಂದರೆ ನನ್ನ ಪಕ್ಕದವರು ಪ್ಲಾಸ್ಟಿಕ್ ಚೀಲ ಬಿಚ್ಚಿ ಬಟಾಣಿ ಸುಲಿಯುತ್ತಾರೆ. ನಾನು ನೋಟ್‌ಬುಕ್ ತೆಗೆದು ಬೈಟ್ ಸುಲಿಯುತ್ತೇನೆ. ಇನ್ಶೂರೆನ್ಸ್ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಪ್ರೊಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಗಾಲ್ಫ್ ಆಡುವುದು ನನ್ನ ಚಟ.

ಕೋಡ್ ಗಾಲ್ಫ್ ಅಂದರೆ ಇಷ್ಟೇ: ಒಂದು ಸಮಸ್ಯೆಯನ್ನು ಎಲ್ಲರಿಗಿಂತ ಕಡಿಮೆ ಬೈಟ್‌ಗಳ ಪ್ರೋಗ್ರಾಮ್‌ನಲ್ಲಿ ಬಿಡಿಸಬೇಕು. ಬೈಟ್ ಅಂದರೆ ಪ್ರೋಗ್ರಾಮಿನ ಉದ್ದದ ಅಳತೆ, ಒಂದು ಇಂಗ್ಲಿಷ್ ಅಕ್ಷರಕ್ಕೋ ಚಿಹ್ನೆಗೋ ಒಂದು ಬೈಟ್. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವನು ಗೆಲ್ಲುತ್ತಾನಲ್ಲ, ಹಾಗೆ. ವೇಗ ಯಾರಿಗೂ ಬೇಡ, ಓದಲು ಚೆಂದ ಇರಬೇಕು ಎಂದೂ ಇಲ್ಲ.

ಪ್ರೊಲಾಗ್ 1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೋಲ್ಮೆರೌವರ್ ಮತ್ತು ಫಿಲಿಪ್ ರೂಸೆಲ್ ಕಟ್ಟಿದ ಭಾಷೆ. ನಾನು ಬಳಸುವುದು ಅದರ ಒಂದು ರೂಪ, ಎಸ್‌ಡಬ್ಲ್ಯುಐ-ಪ್ರೊಲಾಗ್. ಅದನ್ನು ಯಾನ್ ವೀಲೆಮೇಕರ್ 1987ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರು ಮಾಡಿದರು. ಫೋನಿನ ಬ್ರೌಸರ್‌ನಲ್ಲೇ ಓಡಿಸಿ ನೋಡಲು ಅದರದೇ ‘ಸ್ವಿಶ್’ ಎಂಬ ಜಾಲತಾಣ ಇದೆ. ಆದರೆ ರೈಲಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ನೋಟ್‌ಬುಕ್.

ಈ ಭಾಷೆಯಲ್ಲಿ ‘ಹೀಗೆ ಮಾಡು’ ಎಂದು ಹೇಳುವುದಿಲ್ಲ. ‘ಇದು ಹೀಗಿದ್ದರೆ ನಿಜ’ ಎಂದು ಹೇಳಿ ಸುಮ್ಮನಾಗುತ್ತೇವೆ. ಹುಡುಕುವುದು, ಹೊಂದಿಸುವುದು, ತಪ್ಪಿದರೆ ಹಿಂದೆ ಬಂದು ಇನ್ನೊಂದು ದಾರಿ ಹಿಡಿಯುವುದು, ಎಲ್ಲ ಅದರ ಕೆಲಸ. ಗಾಲ್ಫ್ ಆಡುವಾಗ ನಾನು ಮೊದಲು ಹುಡುಕುವುದು ಇದನ್ನೇ: ಅದು ಹೇಗೂ ಮಾಡುವ ಯಾವ ಕೆಲಸವನ್ನು ನಾನು ಸುಮ್ನೆ ಮೈಮೇಲೆ ಹಾಕಿಕೊಂಡಿದ್ದೇನೆ? ಹೆಸರು ಚಿಕ್ಕದು ಮಾಡುವುದು, ಖಾಲಿ ಜಾಗ ಕಡಿಯುವುದು ಆಮೇಲಿನ ಮಾತು. ಅದಕ್ಕೆ ತಲೆ ಬೇಡ.

ಕೋಡ್ ಓದುವ ಮೊದಲು ಒಂದು ಒಪ್ಪಂದ. ಪ್ರೊಲಾಗ್‌ನಲ್ಲಿ ವೇರಿಯಬಲ್ (ಬೆಲೆ ಆಮೇಲೆ ತುಂಬಿಕೊಳ್ಳುವ ಹೆಸರು) ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗಬೇಕು. ಇಲ್ಲವೇ ಮುಂದೆ ಅಡಿಗೆರೆ ಇರಬೇಕು. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಹಾಗಾಗಿ ‘ಚಿಲ್ಲರೆ’ ಎಂದು ಬರೆದರೆ ಅದನ್ನು ಆಟಮ್, ಅಂದರೆ ಬದಲಾಗದ ಹೆಸರು, ಎಂದು ತಿಳಿಯುತ್ತದೆ, ‘_ಚಿಲ್ಲರೆ’ ಎಂದರೆ ಮಾತ್ರ ವೇರಿಯಬಲ್. ಕೋಡ್ ಓಡುತ್ತದೆ, ಆದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಮಾಡಿ ಉಳಿಸುವ ಪದ್ಧತಿ) ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಮೂರು ಮೂರು ಬೈಟ್. ಗಾಲ್ಫ್‌ಗೆ ನಮ್ಮ ಭಾಷೆ ಸ್ವಲ್ಪ ದುಬಾರಿ. ಆದ್ದರಿಂದ ಇಲ್ಲಿ ಕೋಡ್ ಓದುವುದಕ್ಕಷ್ಟೇ ಕನ್ನಡದಲ್ಲಿದೆ. ತ, ಬ, ಮ ಎಂಬ ಒಂಟಿ ಅಕ್ಷರ ಕಂಡರೆ ಅದು ಒಂದು ದೊಡ್ಡಕ್ಷರದ ವೇರಿಯಬಲ್, ಒಂದು ಬೈಟ್. ‘ಎಫ್’, ‘ಬಿ’ ಎಂದರೆ ಆ ಇಂಗ್ಲಿಷ್ ಸಣ್ಣಕ್ಷರ, ಅದೂ ಒಂದೇ ಬೈಟ್. ‘ಈಸ್’ ಎಂದರೆ ಎರಡು. ಉಳಿದ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷ್‌ಗೆ ತಿರುಗಿಸಿಕೊಳ್ಳಿ. ಲೆಕ್ಕವೆಲ್ಲ ಆ ಇಂಗ್ಲಿಷ್ ರೂಪದ್ದು. ಸಾಲು ಮುರಿದರೆ ಅದಕ್ಕೂ ಒಂದು ಬೈಟ್.

ಈಗ ಸಮಸ್ಯೆ. ನನ್ನ ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಹೊತ್ತು ಚಿಲ್ಲರೆಯದೇ ತಾಪತ್ರಯ. ಡಬ್ಬಿಯಲ್ಲಿ ಹತ್ತು ರೂಪಾಯಿಯದ್ದು ಒಂದು, ಐದರದ್ದು ಎರಡು, ಎರಡರದ್ದು ಒಂದು, ಒಂದರದ್ದು ಒಂದು ನಾಣ್ಯ ಇದೆ. ಗಿರಾಕಿಗೆ 13 ವಾಪಸ್ ಕೊಡಬೇಕು. ಸರಿಯಾಗಿ ಕೊಡಲು ಆಗುತ್ತದಾ, ಇಲ್ಲ ಚಾಕಲೇಟು ಹಿಡಿಸಬೇಕಾ? ನಾಣ್ಯಗಳ ಪಟ್ಟಿ ಮತ್ತು ಮೊತ್ತ ಕೊಟ್ಟರೆ, ಪಟ್ಟಿಯಿಂದ ಕೆಲವನ್ನು ಆರಿಸಿ ಆ ಮೊತ್ತ ಮಾಡಲು ಆಗುತ್ತದೆಯೇ ಎಂದು ಪ್ರೋಗ್ರಾಮ್ ಹೇಳಬೇಕು.

ಪಟ್ಟಿಗೆ ತಲೆ (ಮೊದಲನೆಯದು) ಮತ್ತು ಬಾಲ (ಉಳಿದದ್ದೆಲ್ಲ) ಇರುತ್ತವೆ: [ತ|ಬ]. ‘:-’ ಅಂದರೆ ‘ಬಲಗಡೆಯದು ನಿಜವಾದರೆ ಎಡಗಡೆಯದೂ ನಿಜ’. ‘ಈಸ್’ ಅಂದರೆ ಲೆಕ್ಕ ಮಾಡಿ ಬೆಲೆ ಇಡು. ಒಂಟಿ ಅಡಿಗೆರೆ ಅಂದರೆ ಏನಿದ್ದರೂ ಸರಿ. ಮೊತ್ತ ಮ, ಉಳಿಕೆ ಉ. ಮೊದಲ ಪ್ರಯತ್ನ, ಯಾರು ಬರೆದರೂ ಹೀಗೇ ಬರುತ್ತದೆ:

ಎಫ್([],0).
ಎಫ್([ತ|ಬ],ಮ):-ಮ>=ತ,ಉ ಈಸ್ ಮ-ತ,ಎಫ್(ಬ,ಉ).
ಎಫ್([_|ಬ],ಮ):-ಎಫ್(ಬ,ಮ).

62 ಬೈಟ್. ಓದಿ ನೋಡಿ: ನಾಣ್ಯವೇ ಇಲ್ಲದಿದ್ದರೆ ಮೊತ್ತ ಸೊನ್ನೆ ಇರಬೇಕು. ಇದ್ದರೆ ಮೊದಲನೆಯದನ್ನು ಬಳಸು, ಇಲ್ಲವೇ ಬಿಟ್ಟುಬಿಡು.

ಎರಡನೇ ಸಾಲಿನಲ್ಲಿ ‘ಮ>=ತ’ ಎಂಬ ಕಾವಲುಗಾರ ನಿಂತಿದ್ದಾನೆ. ನಾಣ್ಯ ಮೊತ್ತಕ್ಕಿಂತ ದೊಡ್ಡದಿದ್ದರೆ ಒಳಗೆ ಬಿಡುವುದಿಲ್ಲ. ಅವನು ಬೇಕಾ? ಅವನಿಲ್ಲದಿದ್ದರೆ ಉಳಿಕೆ ಮೈನಸ್‌ಗೆ ಹೋಗುತ್ತದೆ. ಹೋಗಲಿ. ನಾಣ್ಯಗಳೆಲ್ಲ ಸೊನ್ನೆಗಿಂತ ದೊಡ್ಡವು, ಕೊನೆಯಲ್ಲಿ ಸೊನ್ನೆ ಬರದೆ ಆ ದಾರಿ ತಾನೇ ಮುಚ್ಚುತ್ತದೆ. ಕಾವಲುಗಾರ ಉಳಿಸುತ್ತಿದ್ದದ್ದು ಸಮಯ, ಉತ್ತರವನ್ನಲ್ಲ. 20 ನಾಣ್ಯ ಇದ್ದರೆ ಹುಡುಕಾಟ ಹತ್ತು ಲಕ್ಷ ದಾಟಬಹುದು, ಅದು ಕಂಪ್ಯೂಟರಿನ ತಲೆನೋವು. ಅವನನ್ನು ಮನೆಗೆ ಕಳಿಸಿದೆ: 57. ಪ್ರೊಲಾಗ್ ಗಾಲ್ಫ್‌ನಲ್ಲಿ ನಾನು ಮೊದಲು ಕೈ ಹಾಕುವುದು ಇಂಥ ಕಾವಲುಗಾರರಿಗೇ. ಆಫೀಸಿನಲ್ಲಿ ಇಡೀ ದಿನ ‘ಇಲ್ಲಿ ವ್ಯಾಲಿಡೇಶನ್ ಇಲ್ಲ’ ಎಂದು ಬಗ್ ಹಾಕುವವಳು ನಾನೇ ಎನ್ನುವುದು ಬೇರೆ ಮಾತು.

ಮುಂದೆ, ಎರಡನೇ ಮತ್ತು ಮೂರನೇ ಸಾಲಿನಲ್ಲಿ ‘:-’ಗಿಂತ ಮೊದಲಿನ ಭಾಗ ಹೆಚ್ಚುಕಮ್ಮಿ ಒಂದೇ. ಎರಡನ್ನೂ ಸೇರಿಸಿಬಿಡಬಹುದು. ಅಲ್ಪವಿರಾಮ ‘ಮತ್ತು’, ಅರ್ಧವಿರಾಮ ‘ಅಥವಾ’. ಅಲ್ಪವಿರಾಮ ಜಾಸ್ತಿ ಬಿಗಿಯಾಗಿ ಹಿಡಿಯುವುದರಿಂದ ಕಂಸವೂ ಬೇಡ:

ಎಫ್([],0).
ಎಫ್([ತ|ಬ],ಮ):-ಉ ಈಸ್ ಮ-ತ,ಎಫ್(ಬ,ಉ);ಎಫ್(ಬ,ಮ).

44. ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ನಾನೂ ಎಷ್ಟೋ ದಿನ ಇಲ್ಲೇ ನಿಂತಿದ್ದೆ.

ಆಮೇಲೆ ಗೊತ್ತಾಯಿತು, ಪ್ರೆಡಿಕೇಟಿಗೆ (‘ಎಫ್’ ತರಹದ, ನಿಜವೋ ಸುಳ್ಳೋ ಎನ್ನುವ ನಿಯಮಕ್ಕೆ) ಹೆಸರು ಅಕ್ಷರದಲ್ಲೇ ಇರಬೇಕೆಂದಿಲ್ಲ. ಕೂಡಿಸುವ ಚಿಹ್ನೆಯೂ ಒಂದು ಹೆಸರೇ. ‘ಅ+ಬ’ ಎಂದು ಬರೆದರೆ ಪ್ರೊಲಾಗ್ ತಾನಾಗಿ ಕೂಡಿಸುವುದಿಲ್ಲ. ಅದು ‘+’ ಎಂಬ ಹೆಸರಿನ, ಎರಡು ಆರ್ಗ್ಯುಮೆಂಟಿನ (ಅದಕ್ಕೆ ಕೊಡುವ ಬೆಲೆಗಳ) ಒಂದು ವಸ್ತು, ಅಷ್ಟೇ. ‘ಈಸ್’, ‘=:=’ (ಎರಡೂ ಕಡೆಯ ಬೆಲೆ ಒಂದೇ ಆಗಿದೆಯೇ) ತರಹದವು ಬಂದಾಗ ಮಾತ್ರ ಲೆಕ್ಕ ನಡೆಯುತ್ತದೆ. ಹಾಗಿದ್ದರೆ ‘ಎಫ್(ಅ,ಬ)’ ಎಂಬ ಆರು ಬೈಟಿನ ಜಾಗದಲ್ಲಿ ‘ಅ+ಬ’ ಎಂಬ ಮೂರು ಸಾಕು:

[]+0.
[ತ|ಬ]+ಮ:-ಉ ಈಸ್ ಮ-ತ,ಬ+ಉ;ಬ+ಮ.

32 ಬೈಟ್. ಒಂದೇ ಏಟಿಗೆ 12 ಉದುರಿದವು. ಇದನ್ನು ಮೊದಲ ಸಲ ಕಂಡಾಗ ಥಾಣೆ ಸ್ಟೇಷನ್ ಬಂದದ್ದು, ಹೋದದ್ದು ಗೊತ್ತಾಗಲಿಲ್ಲ.

ಕಳೆಯುವ, ಗುಣಿಸುವ, ಭಾಗಿಸುವ ಚಿಹ್ನೆಗಳೂ ನಡೆಯುತ್ತವೆ. ಎರಡು ಪ್ರೆಡಿಕೇಟ್ ಬೇಕಾದರೆ ಎರಡು ಚಿಹ್ನೆ ತೆಗೆದುಕೊಳ್ಳಿ. ಒಂದೇ ಆರ್ಗ್ಯುಮೆಂಟ್ ಇದ್ದರೆ ಮುಂದೆ ‘+’, ‘-’ ಅಥವಾ ‘\’ ಹಾಕಿ. ಮೂರು ಇದ್ದರೆ ‘ಅ+ಬ+ಕ’: ಎಂಟು ಬೈಟ್ ಐದಾಗುತ್ತದೆ. ಆದರೆ ಅಲ್ಪವಿರಾಮ, ಅರ್ಧವಿರಾಮ, ‘->’, ‘=’ ಇವನ್ನು ಮುಟ್ಟಬೇಡಿ. ಅವು ವ್ಯವಸ್ಥೆಯವು, ಅನುಮತಿ ಇಲ್ಲ ಎಂದು ಬೈಯುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಜಾಗ. ಆ ‘ಈಸ್’ ನೋಡಿ. ಎರಡು ಕಡೆ ಖಾಲಿ ಜಾಗ, ಒಂದು ಹೊಸ ವೇರಿಯಬಲ್, ಒಂದು ಅಲ್ಪವಿರಾಮ. ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಮಾಡಲೇಬೇಕಾ? ಅಪ್ಪ ಪ್ರತಿ ಇಡ್ಲಿಗೂ ಮೊತ್ತ ಕೂಡಿಸುತ್ತಿರಲಿಲ್ಲ, ಗಿರಾಕಿ ಎದ್ದಾಗ ಒಮ್ಮೆಗೇ ಕೂಡಿಸುತ್ತಿದ್ದರು. ‘13-10-2-1’ ಎಂಬುದನ್ನು ಹಾಗೇ ಹೊತ್ತುಕೊಂಡು ಹೋಗಿ, ಕೊನೆಯಲ್ಲಿ ಸೊನ್ನೆಯಾ ಎಂದು ಕೇಳಿದರೆ ಸಾಕು.

ಹಿಂದಿನ ರೂಪದಲ್ಲೇ ಮಾಡಿದರೆ ‘ಬ+(ಮ-ತ)’ ಎಂದು ಕಂಸ ಬೇಕು. ಅದಕ್ಕೆ ಎಡಬಲ ಅದಲುಬದಲು ಮಾಡಿ. ಮೊತ್ತ ಎಡಕ್ಕೆ, ಪಟ್ಟಿ ಬಲಕ್ಕೆ:

ಮ+[]:-ಮ=:=0.
ಮ+[ತ|ಬ]:-ಮ-ತ+ಬ;ಮ+ಬ.

‘ಮ-ತ+ಬ’ ಎಂಬುದನ್ನು ಪ್ರೊಲಾಗ್ ಎಡದಿಂದ ಕಟ್ಟುತ್ತದೆ: ಮೊದಲು ಮ-ತ, ಅದಕ್ಕೆ +ಬ. ಅಂದರೆ ‘+’ ಎಂಬ ನಮ್ಮ ಪ್ರೆಡಿಕೇಟಿಗೆ ‘ಮ-ತ’ ಮೊದಲ ಆರ್ಗ್ಯುಮೆಂಟ್, ಬಾಲ ಎರಡನೆಯದು. ಕಂಸ ತಾನೇ ಮಾಯ. ಕೇಳುವಾಗ ‘13+[10,5,5,2,1].’ ಎಂದು ಕೇಳಿ, ನಿಜ ಎನ್ನುತ್ತದೆ.

ಎಷ್ಟಾಯಿತು? 32. ಮತ್ತೆ 32! ಎರಡನೇ ಸಾಲಿನಲ್ಲಿ ಏಳು ಉಳಿಯಿತು, ಮೊದಲ ಸಾಲಿನಲ್ಲಿ ಏಳು ಹೋಯಿತು. ನಗಬೇಕೋ ಅಳಬೇಕೋ. ಈ ಸಮಸ್ಯೆಯಲ್ಲಿ ನನಗೆ ಇಂದಿಗೂ 32ರ ಕೆಳಗೆ ಇಳಿಯಲು ಆಗಿಲ್ಲ.

ಹಾಗಂತ ಈ ಉಪಾಯ ದಂಡ ಅಲ್ಲ. ಸಮಸ್ಯೆಯನ್ನು ಸ್ವಲ್ಪ ತಿರುಗಿಸಿ: ಪಟ್ಟಿಯ ಪ್ರತಿ ಸಂಖ್ಯೆಯ ಮುಂದೆ ಪ್ಲಸ್ ಅಥವಾ ಮೈನಸ್ ಹಾಕಿ ಕೊಟ್ಟ ಮೊತ್ತ ಬರುತ್ತದಾ? ಹೆಜ್ಜೆಹೆಜ್ಜೆಗೂ ಲೆಕ್ಕ ಮಾಡುವ ದಾರಿಯಲ್ಲಿ ‘ಈಸ್’ ಎರಡು ಸಲ ಬರುತ್ತದೆ, ನನಗೆ 39 ಬೈಟ್ ಆಯಿತು. ಕೊನೆಗೆ ಲೆಕ್ಕ ಮಾಡುವ ದಾರಿ ಇದು:

ಮ+[]:-ಮ=:=0.
ಮ+[ತ|ಬ]:-ಮ-ತ+ಬ;ಮ+ತ+ಬ.

34. ‘ಮ+ತ+ಬ’ದಲ್ಲಿ ಮೊದಲ ಪ್ಲಸ್ ಲೆಕ್ಕದ್ದು, ಎರಡನೆಯದು ನಮ್ಮ ಪ್ರೆಡಿಕೇಟು. ಇದನ್ನು ಅರ್ಥ ಮಾಡಿಕೊಂಡವರಿಗೆ ಒಂದು ಕಟಿಂಗ್ ಚಹಾ ನನ್ನ ಕಡೆಯಿಂದ. ಇಂಥ ಕೋಡಿನಲ್ಲಿ ಮೇಲೆ ಹೇಳಿದ ಮೂರು ಆರ್ಗ್ಯುಮೆಂಟಿನ ‘ಅ+ಬ+ಕ’ ಬೆರೆಸಬೇಡಿ. ಯಾವ ಪ್ಲಸ್ ಯಾರದು ಎಂದು ಪ್ರೊಲಾಗಿಗೂ ತಿಳಿಯುವುದಿಲ್ಲ.

ಇದೇ ಉಪಾಯದಲ್ಲಿ ನಾನು ಬಿದ್ದ ಹೊಂಡವನ್ನೂ ಹೇಳಿಬಿಡುತ್ತೇನೆ. ‘ಮ=:=0’ ಬದಲು ‘ಮ=0’ ಬರೆದೆ. 30 ಬೈಟ್! ‘0+[5].’ ಎಂದು ಕೇಳಿದೆ, ನಿಜ ಎಂದಿತು. ಖುಷಿಯಲ್ಲಿ ಸ್ಪರ್ಧೆಗೆ ಹಾಕಿಯೂ ಬಿಟ್ಟೆ. ಐದು ನಿಮಿಷದಲ್ಲಿ ಯಾರೋ ‘13 ಕೇಳಿ ನೋಡಿ’ ಎಂದರು. ‘=’ ಲೆಕ್ಕ ಮಾಡುವುದಿಲ್ಲ, ಬರೀ ಆಕಾರ ಹೊಂದಿಸುತ್ತದೆ. ‘13-10-2-1’ ಎಂಬ ಆಕಾರ ‘0’ ಎಂಬ ಆಕಾರಕ್ಕೆ ಯಾವ ಕಾಲಕ್ಕೂ ಹೊಂದುವುದಿಲ್ಲ. ‘0+[5]’ ನಿಜ ಬಂದದ್ದು ಐದನ್ನು ಬಿಟ್ಟುಬಿಟ್ಟ ದಾರಿಯಿಂದ. ಟೆಸ್ಟರ್ ಆಗಿ ಒಂದೇ ಟೆಸ್ಟ್ ಮಾಡಿದ್ದೆ. ಮಾನ ಹೋಯಿತು.

ಆಕಾರ ಹೊಂದಿಸುವ ಆ ಗುಣವೇ ಬೇರೆ ಕಡೆ ಚಿನ್ನ. ನನ್ನ ತಮ್ಮನ ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಪಟ್ಟಿ ಏರಿಕೆಯ ಕ್ರಮದಲ್ಲಿದೆಯೇ ಎಂದು ನೋಡುವ ಪ್ರೋಗ್ರಾಮ್ ಕಳಿಸಿದ್ದ. “ಅತ್ತೆ, ಐದು ಸಾಲಿಗೆ ಇಳಿಸಿದ್ದೇನೆ, ಇನ್ನು ಆಗುವುದಿಲ್ಲ” ಎಂದ.

“ಎಂತ ಮಾರಾಯ, ವಿಂಗಡಿಸಿದ ಮೇಲೂ ಪಟ್ಟಿ ಅದೇ ಇದ್ದರೆ ಅದು ಮೊದಲೇ ಕ್ರಮದಲ್ಲಿ ಇತ್ತು ಅಂತ ಅಲ್ವಾ?” ಎಂದು ಹೇಳಿ ಇದನ್ನು ಕಳಿಸಿದೆ:

+ಪ:-ಎಂಸಾರ್ಟ್(ಪ,ಪ).

15 ಬೈಟ್. ಒಳಗೆ ಹೋದದ್ದೂ ಪ, ಹೊರಗೆ ಬರಬೇಕಾದದ್ದೂ ಪ. ಬೇರೆ ಹೆಸರಿಟ್ಟು ಆಮೇಲೆ ಹೋಲಿಸುವ ಕೆಲಸ ಇಲ್ಲ. ‘ಎಂಸಾರ್ಟ್’ ಬದಲು ಬರೀ ‘ಸಾರ್ಟ್’ ಹಾಕಿದರೆ 14. ಆದರೆ ಅರ್ಥ ಬದಲಾಗುತ್ತದೆ. ‘ಸಾರ್ಟ್’ ಎರಡೆರಡು ಸಲ ಇರುವುದನ್ನು ತೆಗೆದುಹಾಕುತ್ತದೆ. ಹಾಗಾಗಿ ಪಟ್ಟಿ ಕ್ರಮದಲ್ಲೂ ಇದ್ದು, ಯಾವುದೂ ಮರುಕಳಿಸದೆ ಇದ್ದರೆ ಮಾತ್ರ ನಿಜ. ಸಮಸ್ಯೆ ಅದನ್ನೇ ಕೇಳಿದರೆ ಒಂದು ಕಲ್ಲಿಗೆ ಎರಡು ಹಣ್ಣು. ಹುಡುಗ ಅರ್ಧ ಗಂಟೆ ಮಾತಾಡಲಿಲ್ಲ.

ಹಿಂದೆ ಮುಂದೆ ಓದಿದರೂ ಒಂದೇ ಇರುವ ಪದಕ್ಕೂ ಇದೇ ದಾರಿ. ‘ಎಫ್(ಪ):-ರಿವರ್ಸ್(ಪ,ರ),ಪ==ರ.’ 24 ಬೈಟ್. ‘+ಪ:-ರಿವರ್ಸ್(ಪ,ಪ).’ 17. ಪದವನ್ನು ಬ್ಯಾಕ್‌ಟಿಕ್ (`) ಗುರುತಿನ ಒಳಗೆ ಕೊಡಿ. ಎಸ್‌ಡಬ್ಲ್ಯುಐ 7ರಿಂದ ಜೋಡಿ ಉದ್ಧರಣ ಚಿಹ್ನೆ ಕೊಟ್ಟರೆ ಸ್ಟ್ರಿಂಗ್ (ಪಟ್ಟಿಯಲ್ಲದ ಇಡೀ ಪಠ್ಯ) ಸಿಗುತ್ತದೆ, ಬ್ಯಾಕ್‌ಟಿಕ್ ಕೊಟ್ಟರೆ ಅಕ್ಷರ ಸಂಕೇತಗಳ ಪಟ್ಟಿಯೇ ಸಿಗುತ್ತದೆ. ತಿರುಗಿಸಲು ಬೇಕಾದದ್ದು ಪಟ್ಟಿ.

ಕನ್ನಡ ಪದ ಕೊಟ್ಟು ನೋಡುವ ಆಸೆ ಯಾರಿಗಿರುವುದಿಲ್ಲ? ‘ಕನಕ’ ನಿಜ. ‘ಜಲಜ’ ನಿಜ. ‘ವಿಕಟಕವಿ’ ಸುಳ್ಳು! ನಾನು ಕೋಡನ್ನೇ ಅನುಮಾನಿಸಿದೆ. ತಪ್ಪು ಅಲ್ಲಿರಲಿಲ್ಲ. ನಮಗೆ ‘ವಿ’ ಒಂದು ಅಕ್ಷರ, ಯುನಿಕೋಡಿಗೆ ಅದು ‘ವ’ ಮತ್ತು ಗುಡಿಸು ಎಂಬ ಎರಡು ಸಂಕೇತ. ತಿರುಗಿಸಿದಾಗ ಗುಡಿಸು ಮುಂದೆ, ‘ವ’ ಹಿಂದೆ. ‘ನವಜೀವನ’ದ್ದೂ ಇದೇ ಗತಿ. ಗುಣಿತ, ಒತ್ತು ಇಲ್ಲದ ಪದಗಳು ಮಾತ್ರ ಪಾಸು. ಸರಿಪಡಿಸಬೇಕಾದರೆ ಮೊದಲು ಅಕ್ಷರಗಳಾಗಿ ಒಡೆದುಕೊಳ್ಳಬೇಕು, ಬೈಟ್ ಎಷ್ಟಾಗುತ್ತದೋ ಆಗಲಿ. ಆ ಪುಟ ನನ್ನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೇ ನಿಂತಿದೆ.

‘ರಿವರ್ಸ್’ನಂತೆ ಭಾಷೆಯಲ್ಲೇ ಸಿದ್ಧವಾಗಿರುವ ಪ್ರೆಡಿಕೇಟ್, ಅಂದರೆ ಬಿಲ್ಟ್-ಇನ್, ಇಲ್ಲದ ಕಡೆ, ಅದರಲ್ಲೂ ಪಟ್ಟಿಯನ್ನು ಎಡದಿಂದ ಬಲಕ್ಕೆ ತಿನ್ನುತ್ತಾ ಹೋಗುವ ಕೆಲಸವಿದ್ದರೆ, ‘-->’ ಬಾಣ ನೆನಪಿಡಿ. ವ್ಯಾಕರಣ ಬರೆಯಲು ಇರುವ ಈ ಬಾಣ ಎರಡು ಆರ್ಗ್ಯುಮೆಂಟುಗಳನ್ನು ಕಾಣದಂತೆ ಸೇರಿಸುತ್ತದೆ: ಎಲ್ಲಿಂದ ಶುರು, ತಿಂದ ಮೇಲೆ ಉಳಿದದ್ದೇನು. ಕಂಸಗಳು ಸರಿಯಾಗಿ ಮುಚ್ಚಿವೆಯೇ ಎಂದು ನೋಡಲು ಬೇರೆ ಭಾಷೆಯಲ್ಲಿ ಎಣಿಕೆ, ಲೂಪು, ಮೈನಸ್ ಆಯಿತಾ ಎಂಬ ತಪಾಸಣೆ ಎಲ್ಲ ಬೇಕು. ಇಲ್ಲಿ:

ಬಿ-->[];"(",ಬಿ,")",ಬಿ.

19 ಬೈಟ್. ಖಾಲಿ ಇದ್ದರೆ ಸರಿ. ಇಲ್ಲವೇ ಒಂದು ತೆರೆದ ಕಂಸ, ಒಳಗೊಂದು ಸರಿಯಾದದ್ದು, ಮುಚ್ಚಿದ ಕಂಸ, ಆಮೇಲೆ ಇನ್ನೊಂದು ಸರಿಯಾದದ್ದು. ಕರೆಯುವಾಗ ‘ಬಿ’ಗೆ ಎರಡು ಆರ್ಗ್ಯುಮೆಂಟ್ ಕೊಡಿ: ಬ್ಯಾಕ್‌ಟಿಕ್ ಒಳಗಿನ ಕಂಸಗಳು, ಮತ್ತು ಏನೂ ಉಳಿಯಬಾರದು ಎಂದು ‘[]’. ತೆರೆದ ಕಂಸವನ್ನು ತಿಂದ ಮೇಲೆಯೇ ತನ್ನನ್ನು ತಾನು ಕರೆಯುತ್ತದೆ, ಹಾಗಾಗಿ ಸುಳಿಯಲ್ಲಿ ಸಿಕ್ಕಿಬೀಳುವುದಿಲ್ಲ. ‘ಬಿ’ಯನ್ನೇ ಮೊದಲು ಇಟ್ಟು ನೋಡಿ, ಫೋನು ಬಿಸಿಯಾಗುತ್ತದೆ.

ಹೀಗೆಂದು ಎಲ್ಲದಕ್ಕೂ ಬಾಣ ಬಿಡಬೇಡಿ. ಹಿಂದೆ ಮುಂದೆ ಓದುವ ಪದಕ್ಕೆ ಬಾಣದಲ್ಲಿ ನನಗೆ 21 ಆಯಿತು, ‘ರಿವರ್ಸ್’ 17ರಲ್ಲಿ ಮುಗಿಸುತ್ತದೆ.

ಲೂಪ್ ಬೇಕಾದಾಗ ಸೋಲನ್ನು ಬಳಸಿ. 1ರಿಂದ ನ ವರೆಗೆ ಮುದ್ರಿಸಬೇಕು ಎನ್ನಿ. ‘ಫಾರ್ಆಲ್’ ಬಳಸಿದರೆ 38 ಬೈಟ್. ಬದಲಿಗೆ:

+ನ:-ಬಿಟ್ವೀನ್(1,ನ,ಸ),ರೈಟ್ಎಲ್ಎನ್(ಸ),1=0.

‘ಬಿಟ್ವೀನ್’ ಒಂದು ಸಂಖ್ಯೆ ಕೊಡುತ್ತದೆ, ಮುದ್ರಣವಾಗುತ್ತದೆ, ‘1=0’ ಸೋಲುತ್ತದೆ, ಹಿಂದೆ ಹೋಗಿ ಮುಂದಿನ ಸಂಖ್ಯೆ. 34 ಬೈಟ್. ‘ಫೇಲ್’ ಎಂದೇ ಬರೆದರೆ 35, ನಾಲ್ಕಕ್ಷರದ ಪದಕ್ಕಿಂತ ‘1=0’ ಎಂಬ ಮೂರಕ್ಷರದ ಸುಳ್ಳು ಅಗ್ಗ. ಕೊನೆಗೆ ತೆರೆಯ ಮೇಲೆ ‘ಫಾಲ್ಸ್’ ಎಂದು ಬರುತ್ತದೆ. ಸ್ಪರ್ಧೆಯ ನಿಯಮ ಅದಕ್ಕೆ ಒಪ್ಪುತ್ತದಾ ಎಂದು ಮೊದಲೇ ನೋಡಿಕೊಳ್ಳಿ. ಹಾಗೆಯೇ, ಎಲ್ಲ ಉತ್ತರಗಳೂ ಬೇಕು ಎಂದಾಗ ಅವು ಒಂದೊಂದಾಗಿ ಬಂದರೆ ಸಾಕೇ ಎಂದೂ ಓದಿ. ಸಾಕು ಎಂದಾದರೆ ಎಲ್ಲವನ್ನೂ ಒಂದು ಪಟ್ಟಿಗೆ ತುಂಬುವ ‘ಫೈಂಡ್ಆಲ್’ ಖರ್ಚೇ ಇಲ್ಲ.

ಇನ್ನು ಅಂಟುವ ಚಿಹ್ನೆಗಳು. ಪ್ರೊಲಾಗ್ ಪಕ್ಕಪಕ್ಕದ ಚಿಹ್ನೆಗಳನ್ನು ಒಂದೇ ಪದ ಮಾಡಿಬಿಡುತ್ತದೆ. ‘ಮ=:=-1’ ಬರೆದರೆ ‘=:=-’ ಎಂಬ ಹೊಸ ಪ್ರಾಣಿ ಹುಟ್ಟುತ್ತದೆ, ನಡುವೆ ಖಾಲಿ ಜಾಗ ಬಿಡಬೇಕು. ಅದರ ಬದಲು ‘-1=:=ಮ’ ಎಂದು ತಿರುಗಿಸಿದರೆ ಆ ಒಂದು ಬೈಟ್ ಉಳಿಯಿತು. ‘ಈಸ್’ ಆದ ಕೂಡಲೇ ಕಂಸ ತೆರೆಯುವುದೂ ತಪ್ಪು. ಅದನ್ನು ‘ಈಸ್’ ಎಂಬ ಪ್ರೆಡಿಕೇಟಿನ ಆರ್ಗ್ಯುಮೆಂಟ್ ಪಟ್ಟಿ ಶುರುವಾಯಿತು ಎಂದು ಓದಿಕೊಳ್ಳುತ್ತದೆ. ಪಟ್ಟಿಯ ಸಂಖ್ಯೆಗಳ ಮೊತ್ತ ಕೊಡುವ ಬಿಲ್ಟ್-ಇನ್‌ಗೆ ಎರಡು ಹೆಸರಿವೆ, ನಡುವೆ ಅಡಿಗೆರೆ ಇರುವುದು ಹೊಸದು, ಇಲ್ಲದ್ದು ಹಳೆಯದು. ಗಾಲ್ಫ್‌ಗೆ ಹಳೆಯದೇ ಸೈ.

ಎಣಿಸುವಾಗ ಒಂದು ಕಡೆ ಎಚ್ಚರ. ಎರಡು ಸಾಲುಗಳ ನಡುವೆ, ಚುಕ್ಕಿಯ ನಂತರ, ಎಂಟರ್ ಅಥವಾ ಖಾಲಿ ಜಾಗ ಬೇಕೇ ಬೇಕು, ಇಲ್ಲದಿದ್ದರೆ ಚುಕ್ಕಿಯನ್ನು ಮುಕ್ತಾಯ ಎಂದು ಒಪ್ಪುವುದಿಲ್ಲ. ಕಡೆಯ ಚುಕ್ಕಿಯ ನಂತರ ಏನೂ ಬೇಡ. ಆದರೆ ಎಷ್ಟೋ ಎಡಿಟರುಗಳು ಉಳಿಸುವಾಗ ತಾವಾಗಿ ಒಂದು ಎಂಟರ್ ಸೇರಿಸುತ್ತವೆ. ಚಿಲ್ಲರೆ ಪ್ರೋಗ್ರಾಮು ನೋಟ್‌ಬುಕ್ಕಿನಲ್ಲಿ 32, ಫೈಲಿನಲ್ಲಿ 33 ತೋರಿಸುತ್ತಿತ್ತು. ಆ ಒಂದು ಬೈಟ್ ಹುಡುಕುತ್ತಾ ದಾದರ್‌ನಿಂದ ಬೈಕುಲ್ಲಾ ಬಂತು, ಪಕ್ಕದವರ ಬಟಾಣಿ ಮುಗಿದು ಮೆಂತ್ಯ ಸೊಪ್ಪು ಶುರುವಾಗಿತ್ತು.